ಐ5-7400, 1050 ಟಿಐ ಪಿಸಿನ್ಯಾಗ ಲಿನಕ್ಸ್: ಯಾವ ಗೇಮ್ ನಡೀತಾವ, ಎಲ್ಲಿ ಕೈ ಕೊಡತೈತಿ?

ಕೊಪ್ಪಳ-ಪ್ಲೇಯರ್1

ನಮಸ್ಕಾರ್ರಿ ಎಲ್ಲಾರಿಗೂ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದೈತಿ. 11 ಹಾಕೂಣು ಅಂದ್ರ ಇಂಟೆಲ್‌ದು 8ನೇ ಜನರೇಷನ್ ಇಲ್ಲಾ ಅದರ ಮ್ಯಾಲಿಂದು ಬೇಕು, ನಂದು 7ನೇದು. ಅದಕ್ಕ ಲಿನಕ್ಸ್‌ಗೆ ಹೋಗಬೇಕಂತ ಮಾಡೀನಿ.

ಪಿಸಿ: ಐ5-7400, 8 ಜಿಬಿ ಡಿಡಿಆರ್4 ಒಂದ ಸ್ಟಿಕ್, ಜಿಟಿಎಕ್ಸ್ 1050 ಟಿಐ 4 ಜಿಬಿ, 240 ಜಿಬಿ ಎಸ್‌ಎಸ್‌ಡಿ (ವಿಂಡೋಸ್ ಇದರಾಗ ಐತಿ), 1 ಟಿಬಿ ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್), ಅದರಾಗ ಅರ್ಧಕ್ಕಿಂತ ಜಾಸ್ತಿ ಗೇಮ್. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೂ ಡಬ್ಬಿ) 450 ವ್ಯಾಟ್. ಮಾನಿಟರ್ 1080ಪಿ, 60 ಹರ್ಟ್ಜ್.

ಆಡೂದು: ಸಿಎಸ್2, ಜಿಟಿಎ 5, ವಿಚರ್ 3, ರೆಡ್ ಡೆಡ್ ರಿಡೆಂಪ್ಷನ್ 2, ಎಪಿಕ್‌ನ್ಯಾಗ ಪುಕ್ಕಟೆ ಸಿಕ್ಕಾವು ಒಂದಿಷ್ಟು. ದೋಸ್ತರ ಜೋಡಿ ವ್ಯಾಲರೆಂಟ್.

ಎರಡು ತೊಡಕು ಅದಾವ. ನೆಟ್ ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕ 2 ಜಿಬಿ ಅಷ್ಟ. ಕರೆಂಟ್ ದಿನಕ್ಕ ಎರಡು-ಮೂರು ಸಲ ಹೋಗತೈತಿ, ಯುಪಿಎಸ್ ಇಲ್ಲ. ಡಿಸ್ಕಿನ್ಯಾಗಿನ ಗೇಮ್ ಮತ್ತ ಡೌನ್‌ಲೋಡ್ ಮಾಡಲಾರದ ಹಂಗ ಬಳಸಾಕ ಬರತೈತೇನು? ಲಿನಕ್ಸ್ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಯಾವದು, ಮಿಂಟ್ ಹಾಕಲೋ ಬಝೈಟ್ ಹಾಕಲೋ? ಈ ಪಿಸಿಗೆ ಹೊಂದೂ ಚಲೋ ಗೇಮ್ ಇದ್ರ ಅವೂ ಹೇಳ್ರಿ.

ಗುಡ್ಡದ ಕೋಟೆ (ಬಳ್ಳಾರಿ)

ಡಿಸ್ಟ್ರೋ ಯಾವುದು ಅನ್ನೋದು ಕೊನೆಗೆ ನೋಡಿದರಾಯ್ತು. ಮೊದಲು ಆಟದ ಪಟ್ಟಿ ಹಿಡೀರಿ, ಒಂದೇ ಒಂದು ಆಟ ಇಡೀ ಲೆಕ್ಕ ತಿರುಗಿಸಿಬಿಡುತ್ತೆ. ನಿಮ್ಮಲ್ಲಿ ಅದು ವ್ಯಾಲರೆಂಟ್. ಅದರ ವ್ಯಾನ್‌ಗಾರ್ಡ್ ಆಂಟಿ-ಚೀಟ್ (ಮೋಸದಾಟ ಹಿಡಿಯೋ ಪ್ರೋಗ್ರಾಂ) ವಿಂಡೋಸ್ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳಿನ ಒಳಗೇ ಡ್ರೈವರ್ ಆಗಿ ಕೂರುತ್ತೆ. ಲಿನಕ್ಸ್‌ನಲ್ಲಿ ವಿಂಡೋಸ್ ಆಟ ಓಡಿಸೋ ಪ್ರೋಟಾನ್ ಮಾಡೋ ಕೆಲಸ ವಿಂಡೋಸ್ ಪ್ರೋಗ್ರಾಂ ಕೇಳಿದ್ದನ್ನ ಲಿನಕ್ಸ್‌ಗೆ ತಿಳಿಯೋ ಹಾಗೆ ತಿರುಗಿಸಿ ಕೊಡೋದು, ಅಷ್ಟೇ. ವಿಂಡೋಸ್ ಕರ್ನಲ್ಲನ್ನೇ ತಂದು ಕೂರಿಸೋಕೆ ಅದರಿಂದ ಆಗಲ್ಲ. ವರ್ಚುವಲ್ ಮಷಿನ್ ಒಳಗೆ ಹಾಕಿದರೂ ವ್ಯಾನ್‌ಗಾರ್ಡ್ ಒಪ್ಪಲ್ಲ. ಯಾವುದೋ ವಿಡಿಯೊದಲ್ಲಿ ಉಪಾಯ ಇದೆ ಅಂತ ಹೇಳಿದರೆ ನಂಬಬೇಡಿ, ಅಕೌಂಟ್ ಹೋಗುತ್ತೆ. ಫೋರ್ಟ್‌ನೈಟ್, ಪಿಸಿಯ ಪಬ್‌ಜಿ, ರೇನ್‌ಬೋ ಸಿಕ್ಸ್ ಸೀಜ್, ಹೊಸ ಕಾಲ್ ಆಫ್ ಡ್ಯೂಟಿ, ಬ್ಯಾಟಲ್‌ಫೀಲ್ಡ್ 6 ಇವೂ ಅದೇ ಸಾಲು. ಅಪೆಕ್ಸ್ ಲೆಜೆಂಡ್ಸ್ ಮೊದಲು ಚೆನ್ನಾಗಿ ನಡೀತಿತ್ತು, 2024ರ ಅಕ್ಟೋಬರ್ ಕೊನೆಗೆ ಕಂಪನಿಯವರೇ ಲಿನಕ್ಸ್‌ಗೆ ಬಾಗಿಲು ಹಾಕಿದರು. ಇವತ್ತು ನಡೆಯೋ ಆನ್‌ಲೈನ್ ಆಟ ನಾಳೆಯೂ ನಡೆಯುತ್ತೆ ಅನ್ನೋ ಖಾತ್ರಿ ಇಲ್ಲ, ಇದನ್ನ ತಲೆಯಲ್ಲಿ ಇಟ್ಟುಕೊಂಡೇ ಬರಬೇಕು.

ಉಳಿದವು ನಿಮ್ಮ ಪರವಾಗಿವೆ. ಸಿಎಸ್2 ಲಿನಕ್ಸ್‌ಗೇ ಬಂದಿರೋ ಆಟ, ಪ್ರೋಟಾನ್ ಬೇಕಿಲ್ಲ. ಜಿಟಿಎ 5ರ ಕಥೆಯ ಭಾಗ ನಡೆಯುತ್ತೆ. ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಅನ್ನೋ ಆಂಟಿ-ಚೀಟ್ ಸೇರಿಸಿದ ಮೇಲೆ ಲಿನಕ್ಸ್‌ನಿಂದ ಒಳಗೆ ಬಿಡ್ತಿಲ್ಲ. ಲೈಬ್ರರಿಯಲ್ಲಿ ಲೆಗಸಿ, ಎನ್‌ಹಾನ್ಸ್ಡ್ ಅಂತ ಎರಡು ಇದ್ದರೆ ನಿಮ್ಮ ಕಾರ್ಡಿಗೆ ಲೆಗಸಿಯೇ ಸರಿ.

ಈಗ ಕಾರ್ಡಿನ ಮಾತು, ಇದನ್ನ ಬಹಳ ಜನ ಹೇಳೋದೇ ಇಲ್ಲ. 1050 ಟಿಐ ಪಾಸ್ಕಲ್ ಪೀಳಿಗೆಯದು. ಡೈರೆಕ್ಟ್‌ಎಕ್ಸ್ ಅಂದರೆ ವಿಂಡೋಸ್ ಆಟ ಕಾರ್ಡಿನ ಜೊತೆ ಮಾತಾಡೋ ಭಾಷೆ, ವಲ್ಕನ್ ಅಂದರೆ ಲಿನಕ್ಸ್‌ನಲ್ಲೂ ನಡೆಯೋ ಅಂಥದ್ದೇ ಭಾಷೆ. ಡೈರೆಕ್ಟ್‌ಎಕ್ಸ್ 9, 10, 11ರ ಆಟಗಳನ್ನ ಪ್ರೋಟಾನ್ ಒಳಗಿನ ಡಿಎಕ್ಸ್‌ವಿಕೆ ವಲ್ಕನ್‌ಗೆ ತಿರುಗಿಸುತ್ತೆ, ಅದರಲ್ಲಿ ಪಾಸ್ಕಲ್‌ಗೆ ತೊಂದರೆ ಇಲ್ಲ. ಡೈರೆಕ್ಟ್‌ಎಕ್ಸ್ 12ನ್ನ ತಿರುಗಿಸೋದು ವಿಕೆಡಿ3ಡಿ-ಪ್ರೋಟಾನ್, ಅದು ಪಾಸ್ಕಲ್ ಮೇಲೆ ಬಹಳ ಕುಂಟುತ್ತೆ. ಅದಕ್ಕೇ ವಿಚರ್ 3 ಶುರು ಮಾಡುವಾಗ ಲಾಂಚರ್‌ನಲ್ಲಿ ಡಿಎಕ್ಸ್11 ಆರಿಸಿ. ರೆಡ್ ಡೆಡ್ 2ರಲ್ಲಿ ಗ್ರಾಫಿಕ್ಸ್ ಎಪಿಐ ಅನ್ನೋ ಕಡೆ ವಲ್ಕನ್ ಇಡಿ, ಆಗ ತಿರುಗಿಸೋ ಕೆಲಸವೇ ಇರಲ್ಲ. ಫೋರ್ಜಾ ಹೊರೈಜನ್ 5 ಥರ ಡಿಎಕ್ಸ್12 ಬಿಟ್ಟು ಬೇರೆ ದಾರಿ ಇಲ್ಲದ ಆಟಕ್ಕೆ ಈ ಕಾರ್ಡ್ ನೆಚ್ಚಿಕೊಂಡು ದುಡ್ಡು ಹಾಕಬೇಡಿ. ಇನ್ನೊಂದು: ವಿಡಿಯೊ ಮೆಮೊರಿ ತುಂಬಿ ಹೊರಚೆಲ್ಲಿದಾಗ ವಿಂಡೋಸ್ ಡ್ರೈವರ್ ಸುಧಾರಿಸಿಕೊಂಡಷ್ಟು ಎನ್‌ವಿಡಿಯಾದ ಲಿನಕ್ಸ್ ಡ್ರೈವರ್ ಸುಧಾರಿಸಿಕೊಳ್ಳಲ್ಲ. 4 ಜಿಬಿಗೆ ಟೆಕ್ಸ್‌ಚರ್ ಮೀಡಿಯಂ ಇಟ್ಟರೆ ನಡುನಡುವೆ ತಡವರಿಸೋದು ನಿಲ್ಲುತ್ತೆ.

ಡ್ರೈವರ್: ಮ್ಯಾಕ್ಸ್‌ವೆಲ್, ಪಾಸ್ಕಲ್ ಕಾರ್ಡುಗಳಿಗೆ 580 ಸರಣಿಯೇ ಕೊನೆಯದು. ಮಿಂಟ್‌ನ ಡ್ರೈವರ್ ಮ್ಯಾನೇಜರ್ ಪಟ್ಟಿಯಲ್ಲಿ 580 ಎರಡು ಸಲ ಕಾಣಬಹುದು, ಒಂದರ ಹೆಸರಿನ ಕೊನೆಗೆ ಓಪನ್ ಅಂತ ಇರುತ್ತೆ. ಅದನ್ನ ಮುಟ್ಟಬೇಡಿ. ಓಪನ್ ಮಾಡ್ಯೂಲ್ ಟ್ಯೂರಿಂಗ್, ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿಯಿಂದ ಈಚೆಯ ಕಾರ್ಡಿಗೆ ಮಾತ್ರ. ಪಾಸ್ಕಲ್‌ಗೆ ಅದನ್ನ ಹಾಕಿದರೆ ಕಾರ್ಡ್ ಗುರುತೇ ಸಿಗಲ್ಲ, ಪರದೆ ಕಪ್ಪಾಗುತ್ತೆ ಇಲ್ಲವೇ ಕಡಿಮೆ ರೆಸಲ್ಯೂಷನ್‌ನಲ್ಲಿ ನಿಲ್ಲುತ್ತೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದಾಗ 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆಯಲ್ಲಿ ಸುಮ್ಮನೆ ಮುಂದಕ್ಕೆ ಒತ್ತಿದರೆ ಡ್ರೈವರ್ ಲೋಡ್ ಆಗೋದೇ ಇಲ್ಲ.

ವ್ಯಾಲರೆಂಟ್ ಬಿಡೋಕೆ ಆಗಲ್ಲ ಅಂದ್ರೆ ಡ್ಯುಯಲ್ ಬೂಟ್ (ಒಂದೇ ಪಿಸಿಯಲ್ಲಿ ಎರಡೂ ಸಿಸ್ಟಮ್) ಇಡಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಎಸ್‌ಎಸ್‌ಡಿಯಲ್ಲಿ 100 ಜಿಬಿ ಖಾಲಿ ಜಾಗ ಮಾಡಿಕೊಂಡು ಆಮೇಲೆ ಲಿನಕ್ಸ್ ಹಾಕಿ. ವಿಂಡೋಸ್ 10ನ್ನ ಆ ಒಂದು ಆಟಕ್ಕೆ ಮಾತ್ರ ಬಳಸಿ, ಬ್ಯಾಂಕು-ಯುಪಿಐ ಕೆಲಸವೆಲ್ಲ ಲಿನಕ್ಸ್ ಕಡೆಗೆ ತನ್ನಿ. ಹೀಗೆ ಎರಡು ಇಟ್ಟಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ-ಮುಂದೆ ಆಗುತ್ತೆ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಸಮಯ) ಬರೆದಿಡುತ್ತೆ, ವಿಂಡೋಸ್ ಅದನ್ನೇ ಭಾರತೀಯ ಸಮಯ ಅಂತ ಓದುತ್ತೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಿಂದ ಲೋಕಲ್ ಆರ್‌ಟಿಸಿಗೆ 1 ಕೊಟ್ಟರೆ ಸರಿಹೋಗುತ್ತೆ. ಸಮಯ ತಪ್ಪಿದ್ದರೆ ಸ್ಟೀಮ್ (ಆಟ ಕೊಂಡು ಆಡಿಸೋ ಪ್ರೋಗ್ರಾಂ) ಲಾಗಿನ್ ಕೂಡ ಆಗಲ್ಲ, ಜನ ಅದಕ್ಕೆ ನೆಟ್ ಬೈಕೊಂಡು ಕೂರ್ತಾರೆ.

ದೋಆಬ್ (ರಾಯಚೂರು)

ಮ್ಯಾಲಿನವ್ರು ಹೇಳಿದ್ದು ಎಲ್ಲಾ ಖರೆ ಅದ. ಡಿಸ್ಟ್ರೋ ಕೊನೀಗೆ ನೋಡ್ರಿ ಅನ್ನೂದು ಮಾತ್ರ ನಮ್ಮ ಕಡಿಗೆ ಹೊಂದಂಗಿಲ್ಲ. ಕರೆಂಟ್ ಹೋಗೂ ಊರಾಗ ಅಪ್‌ಡೇಟ್ ಹ್ಯಾಂಗ ಆಗ್ತದ ಅನ್ನೂದ ಮೊದಲನೇ ಪ್ರಶ್ನೆ.

ಮಿಂಟ್‌ನ್ಯಾಗ ಅಪ್‌ಡೇಟ್ ಅಂದ್ರ ನಡಿಯೂ ಸಿಸ್ಟಮ್ ಮ್ಯಾಲೇ ಒಂದೊಂದ ಪ್ಯಾಕೇಜ್ ಬಿಚ್ಚಿ ಕೂಡಸ್ತದ. ಕರ್ನಲ್ಲೋ ಎನ್‌ವಿಡಿಯಾ ಡ್ರೈವರ್ರೋ ಅರ್ಧಕ್ಕ ಇದ್ದಾಗ ಕರೆಂಟ್ ಹೋದ್ರ ಮುಂದ ಡೆಸ್ಕ್‌ಟಾಪ್ ಬರಂಗಿಲ್ಲ. ಬಝೈಟ್ ಫೆಡೋರಾ ಅಟಾಮಿಕ್ ಮ್ಯಾಲ ಕಟ್ಟಿದ್ದು. ಅದು ಹೊಸ ಸಿಸ್ಟಮ್ ಇಮೇಜ್ (ಇಡೀ ಸಿಸ್ಟಮ್‌ನ ಪ್ರತಿ) ಬ್ಯಾರೆ ಕಡೆ ಪೂರ್ತಿ ತಯಾರ್ ಮಾಡಿ, ಮುಂದಿನ ಬೂಟ್‌ಗೆ ಅದಕ್ಕ ಹೊಳ್ಳತದ. ನಡುವ ಕರೆಂಟ್ ಹೋದ್ರ ಹಳೇದು ಹಂಗೇ ಇರ್ತದ. ಹೊಸಾದು ಕೆಟ್ಟಿದ್ರ ಬೂಟ್ ಪಟ್ಟಿಯೊಳಗ ಹಿಂದಿಂದು ಆರಿಸಿದ್ರ ಆತು. ಇಳಿಸ್ಕೊಳ್ಳೂವಾಗ ಜಿಟಿಎಕ್ಸ್ 9, 10 ಸರಣಿಗೆ ಬ್ಯಾರೆ ಇಮೇಜ್ ಕೊಟ್ಟಾರ, ಅದನ್ನ ತಗೋಬೇಕು.

ಆದ್ರ ನಿಮ್ಮ 2 ಜಿಬಿ ಡೇಟಾಕ್ಕ ಬಝೈಟ್ ಭಾರ. ಅದರ ಅಪ್‌ಡೇಟ್ ಮಿಂಟ್‌ಕಿಂತ ಭಾಳ ದೊಡ್ಡವು. ಅದಕ್ಕ ನನ್ನ ಮಾತು: ನೆಟ್ ಹಿಂಗೇ ಇರೂದಾದ್ರ ಮಿಂಟ್ 22 ಹಾಕ್ರಿ, ಅದರ ಇನ್‌ಸ್ಟಾಲ್ ಫೈಲ್ (ಐಎಸ್ಒ) 3 ಜಿಬಿ ಹತ್ರ, 2029ರ ತನಕ ಅಪ್‌ಡೇಟ್ ಬರ್ತಾವ. ಮನಿಗೆ ಫೈಬರ್ ಬಂದ್ರ ಬಝೈಟ್. ಮಿಂಟ್ ಹಾಕಿದ ದಿನಾನೇ ಟೈಮ್‌ಶಿಫ್ಟ್ ಚಾಲೂ ಮಾಡಿ ಮೊದಲನೇ ಸ್ನ್ಯಾಪ್‌ಶಾಟ್ (ಸಿಸ್ಟಮ್ ಹಿಂದಿನ ಸ್ಥಿತಿಗೆ ತರಾಕ ಪ್ರತಿ) ತಗೀರಿ. ಅಪ್‌ಡೇಟ್ ತಾನಾಗೇ ಆಗೂಹಂಗ ಬಿಡಬ್ಯಾಡ್ರಿ, ಕರೆಂಟ್ ಹೋಗಲಾರದ ಹೊತ್ತು ನೋಡಿ ನೀವೇ ಒತ್ರಿ. ಅಷ್ಟಾದ ಮ್ಯಾಲೂ ಅರ್ಧಕ್ಕ ನಿಂತ್ರ, ಬೂಟ್ ಆಗೂವಾಗ ಎಸ್ಕೇಪ್ ಇಲ್ಲಾ ಶಿಫ್ಟ್ ಒತ್ತಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರಾಗ ರಿಕವರಿ ಮೋಡ್, ಅದರಾಗ ಡಿಪಿಕೆಜಿ ಅನ್ನೂ ಸಾಲು. ಮುರಿದ ಪ್ಯಾಕೇಜ್ ಅದೇ ಜೋಡಸ್ತದ. ಭಾಳ ಸಲ ಇಷ್ಟಕ್ಕೇ ಸರಿ ಆಗ್ತದ.

ಯುಪಿಎಸ್ ಮಾತ್ರ ತಗೊಳ್ರಿ. ನಿಮ್ಮ ಪಿಸಿ ಆಟದಾಗ 200 ವ್ಯಾಟ್ ಒಳಗ ತಿಂತದ, 1050 ಟಿಐ 75 ವ್ಯಾಟಿನ ಕಾರ್ಡ್. 600 ವಿಎ ಯುಪಿಎಸ್ ಸೇವ್ ಮಾಡಿ ಬಂದ್ ಮಾಡಾಕ ಬೇಕಾದಷ್ಟು ಹೊತ್ತು ಕೊಡ್ತದ. ಆಟ ಮುಂದುವರಿಸಾಕ ಅಲ್ಲ. ಮನ್ಯಾಗ ಇನ್ವರ್ಟರ್ ಇದ್ರ ಅದರ ಹಿಂದ ಯುಪಿಎಸ್ ಮೋಡ್ ಸ್ವಿಚ್ ಅದ ಏನ್ ನೋಡ್ರಿ. ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ಮಾತ್ರ ಉಸಿರು ಹಿಡಿತದ, ಇನ್ವರ್ಟರ್ ಅದಕ್ಕಿಂತ ತಡ ಮಾಡಿ ಬದಲಾದ್ರ ಪಿಸಿ ರೀಸ್ಟಾರ್ಟ್ ಹೊಡಿತದ.

ಬಿಸಿಲಿನ ಮಾತು ಒಂದಿಷ್ಟು. ಏಪ್ರಿಲ್-ಮೇದಾಗ ಹೊರಗ 40 ಡಿಗ್ರಿ ದಾಟಿದ ಮ್ಯಾಲ ಖೋಲಿಯೊಳಗ ಕೂಲರ್ ಎಳಿಯೂದು ಬಿಸಿ ಗಾಳಿನೇ. ಮ್ಯಾಂಗೋಹಡ್ ಅನ್ನೂ ಪ್ರೋಗ್ರಾಂ ಹಾಕ್ಕೊಂಡ್ರ ಆಟದ ಮೂಲ್ಯಾಗ ಸಿಪಿಯು, ಜಿಪಿಯು ಉಷ್ಣತೆ ಕಾಣ್ತದ, ಅದರಾಗೇ ಎಫ್‌ಪಿಎಸ್ (ಸೆಕೆಂಡಿಗೆ ಮೂಡೂ ಚಿತ್ರ) 60ಕ್ಕ ಕಟ್ಟಿ ಹಾಕ್ರಿ. 60 ಹರ್ಟ್ಜ್ ಮಾನಿಟರ್‌ಗೆ 110 ಎಫ್‌ಪಿಎಸ್ ಬಂದು ಉಪಯೋಗ ಕಮ್ಮಿ, ಕಾರ್ಡ್ ಸುಮ್ನ ಬಿಸಿ ಆಗ್ತದ. ದೂಳು ಊದೂವಾಗ ಫ್ಯಾನ್ ಬೆರಳಿಲೆ ಹಿಡ್ಕೊಂಡು ಊದ್ರಿ, ಬ್ಲೋವರ್ ಗಾಳಿಗೆ ಜೋರ್ ತಿರುಗಿದ್ರ ಬೇರಿಂಗ್ ಹಾಳಾಗ್ತದ.

ಕೊಪ್ಪಳ-ಪ್ಲೇಯರ್1

ಇಷ್ಟು ವಿವರ ಕೊಟ್ಟಿದ್ದಕ್ಕ ಇಬ್ಬರಿಗೂ ಧನ್ಯವಾದ್ರಿ. ಮಿಂಟ್ ಅಂತ ಮಾಡಿದೆ, ಯುಪಿಎಸ್ ತಂದ ಮ್ಯಾಲೇ ಹಾಕ್ತೀನಿ. ಆ ಎನ್‌ಟಿಎಫ್‌ಎಸ್ ಡಿಸ್ಕ್ ಒಂದು ಉಳೀತು. ರೆಡ್ ಡೆಡ್ ಒಂದ 120 ಜಿಬಿ ಮ್ಯಾಲೈತಿ, ಮತ್ತ ಇಳಿಸಬೇಕಂದ್ರ ನನ್ನ ಡೇಟಾಕ್ಕ ಎರಡು ತಿಂಗಳು. ಹಂಗ ಅದ ಡಿಸ್ಕಿನಿಂದ ಓಡಸಾಕ ಆಗಂಗಿಲ್ಲೇನು?

ಗುಡ್ಡದ ಕೋಟೆ (ಬಳ್ಳಾರಿ)

ಓಡಿಸಬಹುದು, ಆದರೆ ಮಾಡಬೇಡಿ. ಪ್ರೋಟಾನ್ ಪ್ರತಿ ಆಟಕ್ಕೂ 'ಕಾಂಪ್ಯಾಟ್‌ಡೇಟಾ' ಫೋಲ್ಡರ್ ಒಳಗೆ ಒಂದು ಪುಟ್ಟ ವಿಂಡೋಸ್ ಮನೆ ಕಟ್ಟುತ್ತೆ. ಅದರಲ್ಲಿ ಡ್ರೈವ್‌ಗಳ ಹೆಸರಲ್ಲಿ ಕೋಲನ್ ಚಿಹ್ನೆ ಇರೋ ಲಿಂಕ್ ಫೈಲ್ ಇರ್ತವೆ, ವಿಂಡೋಸ್‌ಗೆ ಫೈಲ್ ಹೆಸರಲ್ಲಿ ಕೋಲನ್ ಸಲ್ಲದು. ವಿಂಡೋಸ್ ಒಮ್ಮೆ ಡಿಸ್ಕ್ ಚೆಕ್ ಮಾಡಿತು ಅಂದ್ರೆ ಅವನ್ನ ಕೆಟ್ಟ ಫೈಲ್ ಅಂತ ತಿಳಿದು ಕೈ ಹಾಕುತ್ತೆ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ವಿಂಡೋಸ್ ಪೂರ್ತಿ ಬಂದ್ ಆಗದೆ ಅರೆನಿದ್ದೆಗೆ ಹೋಗಿರುತ್ತೆ, ಲಿನಕ್ಸ್‌ನಲ್ಲಿ ಆ ಡಿಸ್ಕ್ ಓದೋಕೆ ಮಾತ್ರ ಸಿಗುತ್ತೆ. ಸ್ಟೀಮ್ 'ಡಿಸ್ಕ್ ರೈಟ್ ಎರರ್' ಅನ್ನುತ್ತೆ.

ಮತ್ತೆ ಇಳಿಸದೇ ಸಾಗಿಸೋ ದಾರಿ ಇದೆ. ವಿಂಡೋಸ್‌ನಲ್ಲಿ ಇರುವಾಗಲೇ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೀರಿ. 1 ಟಿಬಿ ಡಿಸ್ಕಿನ ಪಾರ್ಟಿಷನ್ನನ್ನ ಖಾಲಿ ಇದ್ದಷ್ಟು ಕುಗ್ಗಿಸಿ. ಲಿನಕ್ಸ್‌ಗೆ ಬಂದು ಆ ಖಾಲಿ ಜಾಗವನ್ನ ಎಕ್ಸ್ಟ್4 (ಲಿನಕ್ಸ್‌ನ ಡಿಸ್ಕ್ ಫಾರ್ಮ್ಯಾಟ್) ಮಾಡಿ. ಹೊಸ ಪಾರ್ಟಿಷನ್ ರೂಟ್ ಹೆಸರಲ್ಲಿ ಇರುತ್ತೆ, ಸ್ಟೀಮ್‌ಗೆ ಬರೆಯೋ ಹಕ್ಕು ಇರಲ್ಲ. ಡಿಸ್ಕ್ಸ್ ಅನ್ನೋ ಪ್ರೋಗ್ರಾಂನಲ್ಲಿ 'ಟೇಕ್ ಓನರ್‌ಶಿಪ್' ಒತ್ತಿ, ಬೂಟ್ ಆದಾಗಲೇ ಮೌಂಟ್ ಆಗೋ ಹಾಗೆ ಅಲ್ಲೇ ಟಿಕ್ ಹಾಕಿ. ಈ ಟಿಕ್ ಮರೆತರೆ ಪ್ರತಿ ಸಲ ಸ್ಟೀಮ್ 'ಲೈಬ್ರರಿ ಇಲ್ಲ' ಅನ್ನುತ್ತೆ.

ಸ್ಟೀಮ್‌ನಲ್ಲಿ ಆ ಜಾಗವನ್ನ ಲೈಬ್ರರಿಯಾಗಿ ಸೇರಿಸಿ, ಹಳೆಯ 'ಸ್ಟೀಮ್‌ಆಪ್ಸ್' ಒಳಗಿನ 'ಕಾಮನ್' ಫೋಲ್ಡರ್‌ನಿಂದ ಒಂದೊಂದೇ ಆಟ ಹೊಸದರ 'ಕಾಮನ್'ಗೆ ನಕಲು ಮಾಡಿ. ಫೋಲ್ಡರ್ ಹೆಸರು ಒಂದಕ್ಷರವೂ ಬದಲಾಗಬಾರದು. ಆಮೇಲೆ ಇನ್‌ಸ್ಟಾಲ್ ಒತ್ತಿದರೆ ಇರೋ ಫೈಲ್ ಗುರುತು ಹಿಡಿದು, ಕಡಿಮೆ ಬಿದ್ದಷ್ಟು ಮಾತ್ರ ಇಳಿಸುತ್ತೆ. ಸಿಎಸ್2ಗೆ ಲಿನಕ್ಸ್ ಫೈಲ್‌ಗಳು ಬೇರೆ ಇರೋದರಿಂದ ಸ್ವಲ್ಪ ಡೇಟಾ ಹೋಗುತ್ತೆ. ಎನ್‌ಟಿಎಫ್‌ಎಸ್ ಖಾಲಿಯಾದ ಮೇಲೆ ಎರಡೂ ಪಾರ್ಟಿಷನ್ ಒಂದು ಮಾಡೋ ಆಸೆ ಬೇಡ. ಪಾರ್ಟಿಷನ್ ಶುರುವಾಗೋ ಜಾಗ ಸರಿಸೋದು ಗಂಟೆಗಟ್ಟಲೆ ಹಿಡಿಯುತ್ತೆ, ನಡುವೆ ಕರೆಂಟ್ ಹೋದರೆ ಎಲ್ಲವೂ ಹೋಯ್ತು. ಖಾಲಿಯಾದದ್ದನ್ನ ಬೇರೆಯಾಗಿಯೇ ಎಕ್ಸ್ಟ್4 ಮಾಡಿ ಎರಡನೇ ಲೈಬ್ರರಿ ಅಂತ ಸೇರಿಸಿ.

ಸ್ಟೀಮನ್ನ ಅದರ ವೆಬ್‌ಸೈಟಿನ ಡೆಬ್ ಫೈಲಿಂದಲೇ ಹಾಕಿ. ಫ್ಲಾಟ್‌ಪ್ಯಾಕ್ (ಸಿಸ್ಟಮ್‌ನಿಂದ ಬೇರ್ಪಡಿಸಿ ಇಟ್ಟ) ಆವೃತ್ತಿಗೆ ಬೇರೆ ಡಿಸ್ಕ್ ಕಾಣಬೇಕಂದ್ರೆ ಫ್ಲಾಟ್‌ಸೀಲ್ ಅನ್ನೋ ಪ್ರೋಗ್ರಾಂನಲ್ಲಿ ಅನುಮತಿ ಕೊಡಬೇಕಾಗುತ್ತೆ. ಡೇಟಾ ಉಳಿಸೋಕೆ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್‌ನಲ್ಲಿ ಶೇಡರ್ (ಚಿತ್ರ ಬಿಡಿಸೋ ಪುಟ್ಟ ಕೋಡ್) ಪ್ರೀ-ಕ್ಯಾಶಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಆಟಕ್ಕೆ ಅಪ್‌ಡೇಟ್ ಇಲ್ಲದ ದಿನವೂ ಶೇಡರ್ ಫೈಲ್ ಇಳೀತಾ ಇರ್ತವೆ. ಮೊದಲ ಅರ್ಧ ಗಂಟೆ ಅಲ್ಲಲ್ಲಿ ತಡವರಿಸಬಹುದು, ಆಮೇಲೆ ಕ್ಯಾಶ್ ತುಂಬಿಕೊಳ್ಳುತ್ತೆ. ಗೆಳೆಯರ ಮನೆಯಲ್ಲಿ ಅದೇ ಆಟ ಇದ್ದರೆ ಎರಡೂ ಪಿಸಿ ಒಂದೇ ರೌಟರ್‌ಗೆ ಸೇರಿಸಿ, ಸ್ಟೀಮ್‌ನ ಲೋಕಲ್ ನೆಟ್‌ವರ್ಕ್ ವರ್ಗಾವಣೆಯಿಂದ ಡೇಟಾ ಖರ್ಚಿಲ್ಲದೆ ತರಬಹುದು. ಇನ್‌ಸ್ಟಾಲ್ ದಿನ ವೈಫೈ ಡಾಂಗಲ್ ಕೆಲಸ ಮಾಡದಿದ್ದರೆ ಫೋನ್‌ಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಮಿಂಟ್ ತಕ್ಷಣ ಹಿಡಿಯುತ್ತೆ.

ಗಂಗಾವತಿ ಪ್ಯಾಡ್

ಎಪಿಕ್ ಆಟಗಳ ಮಾತು ಯಾರೂ ಎತ್ತಲಿಲ್ಲ. ಅದಕ್ಕ ಹೀರೋಯಿಕ್ ಗೇಮ್ಸ್ ಲಾಂಚರ್ ಹಾಕ್ರಿ, ಎಪಿಕ್, ಜಿಒಜಿ ಎರಡೂ ಅಂಗಡಿ ಅದರಾಗ ಬರತಾವ. ಕಥೆಯ ವಿಡಿಯೊ ಬರೂ ಕಡೆ ಬಣ್ಣದ ಪಟ್ಟಿ ಕಂಡ್ರ ಅಥವಾ ಕಪ್ಪಾದ್ರ ಅದು ಕೋಡೆಕ್ (ವಿಡಿಯೊ ಬಿಚ್ಚಿ ತೋರ್ಸೂ ಕೋಡ್) ಸಮಸ್ಯೆ. ಪ್ರೋಟಾನ್‌ಅಪ್-ಕ್ಯೂಟಿ ಅನ್ನೂ ಪ್ರೋಗ್ರಾಂ ಇಂದ ಜಿಇ-ಪ್ರೋಟಾನ್ (ಪ್ರೋಟಾನ್‌ದ ಇನ್ನೊಂದು ಆವೃತ್ತಿ) ಇಳಿಸಿ, ಆ ಆಟಕ್ಕ ಮಾತ್ರ ಅದನ್ನ ಆರಿಸ್ರಿ. ಎಲ್ಲಾ ಆಟಕ್ಕೂ ಹಾಕಬ್ಯಾಡ್ರಿ, ನೆಟ್ಟಗ ನಡಿಯೂದನ್ನ ಕೆಡಿಸಿದಂಗ ಆಗತೈತಿ.

ಯಾವ ಆಟ ಆಡಬೇಕು ಅಂದ್ರ ನಮ್ಮ ಕಡೆ ನಾನು ನೋಡೂದು ಸೇವ್ ಹೆಂಗ ಆಗತೈತಿ ಅಂತ. ಹೇಡೀಸ್ ಅದಕ್ಕ ನಂಬರ್ ಒಂದು. ಪ್ರತಿ ಕೋಣೆ ಹೊಕ್ಕಾಗ ಸೇವ್ ಆಗತೈತಿ, ಕರೆಂಟ್ ಹೋದ್ರ ಒಂದು ಕೋಣೆ ಮತ್ತ ಆಡಬೇಕು ಅಷ್ಟ. ಹೊಡೆದಾಟ ಭಾಳ ಬಿಗಿಯಾಗೈತಿ, ಸೋತ ಮ್ಯಾಲೂ ಕಥೆ ಮುಂದ ಹೋಗತೈತಿ, ಸೋಲಿಗೂ ಒಂದು ಮಾತು ಸಿಗತೈತಿ. ಈ ಹತ್ತು ವರ್ಷದಾಗ ಇದಕ್ಕಿಂತ ಚಂದ ಕಟ್ಟಿದ ಆಟ ನನ್ನ ಲೆಕ್ಕದಾಗ ಇಲ್ಲ. ಸ್ಟಾರ್‌ಡ್ಯೂ ವ್ಯಾಲಿ ಲಿನಕ್ಸ್‌ಗೇ ಬಂದೈತಿ, ಹಗುರ ಐತಿ, ಆದ್ರ ಮಲಗಿದಾಗ ಮಾತ್ರ ಸೇವ್. ಆಟದ ಒಂದು ದಿನ ಅಂದ್ರ ಸುಮಾರು 14 ನಿಮಿಷ, ಅಷ್ಟು ಕಳಕೊಳ್ಳಾಕ ತಯಾರಿರಬೇಕು. ಹಾಲೋ ನೈಟ್‌ನ್ಯಾಗ ಬೆಂಚ್ ಮುಟ್ಟಿದಾಗ ಸೇವ್, ಎರಡು ಬೆಂಚ್ ನಡುವಿನ ದಾರಿ ಭಾಳ ಉದ್ದ ಇರತೈತಿ. ವಿಚರ್ 3ರಾಗ ಎಫ್5 ಒತ್ತೂದು ರೂಢಿ ಮಾಡ್ಕೊಳ್ರಿ. ರೆಡ್ ಡೆಡ್‌ನ್ಯಾಗ ಮಿಷನ್ ನಡುವ ಸೇವ್ ಮಾಡಾಕ ಬರಂಗಿಲ್ಲ, ಕರೆಂಟ್ ನೆಚ್ಚಿಗಿ ಇಲ್ಲದ ಹೊತ್ತಿನ್ಯಾಗ ದೊಡ್ಡ ಮಿಷನ್ ಹಿಡೀಬ್ಯಾಡ್ರಿ, ಬೇಟೆ ಆಡ್ಕೋತ ತಿರುಗ್ರಿ. ಆ ಆಟದ ನಿಜವಾದ ರುಚಿ ಐತಿ ಅಂದ್ರ ಆ ಅಲೆದಾಟದಾಗ. ಸಿಎಸ್2 ಕಾಂಪಿಟಿಟಿವ್ ನಡುವ ಬಿಟ್ರ ಕೂಲ್‌ಡೌನ್ ಬೀಳತೈತಿ, ಯುಪಿಎಸ್ ಇರೂತನಕ ಡೆತ್‌ಮ್ಯಾಚ್ ಆಡ್ರಿ.

ಪುಣೆಯ ನಾಡಿಂಗ್ ಹೆಡ್ಸ್‌ನವ್ರ ರಾಜಿ ಆಟಾನೂ (2020) ನೋಡ್ರಿ. ಹೊಡೆದಾಟ ಸಾಧಾರಣ, ಜಿಗಿಯೂ ಕಡೆ ಕ್ಯಾಮೆರಾ ಕಾಡತೈತಿ. ಆದ್ರ ಅದರಾಗ ಕಥೆ ಹೇಳೂದು ನೆರಳಿನ ಗೊಂಬೆಯಿಂದ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವ್ರಿಗೆ ತೊಗಲುಗೊಂಬೆಗೆ 2025ರಾಗ ಪದ್ಮಶ್ರೀ ಬಂದ ಜಿಲ್ಲೆ ನಿಮ್ಮದು, ಪರದೆ ಮ್ಯಾಲೆ ಆ ಗೊಂಬೆ ಕೈ ಎತ್ತಿದಾಗ ನಿಮಗ ಅದು ಬ್ಯಾರೆನ ಕಾಣತೈತಿ.

ಕರೆಂಟ್ ಹೋಗಿ ಬಂದ ಮ್ಯಾಲೆ ಸ್ಟೀಮ್ ಕ್ಲೌಡ್ 'ಎರಡು ಸೇವ್ ಬ್ಯಾರೆ ಬ್ಯಾರೆ ಅದಾವ' ಅಂತ ಕೇಳತೈತಿ. ಕ್ಲೌಡ್‌ಗೆ ಕಳಿಸೂದು ಆಟ ಬಂದ್ ಮಾಡಿದಾಗ, ಅದಕ್ಕ ಕ್ಲೌಡ್‌ನ್ಯಾಗ ಹಳೇದು ಉಳದಿರತೈತಿ. ತಾರೀಖು, ಸಮಯ ನೋಡಿ ಪಿಸಿಯಾಗಿಂದು ಹೊಸದಿದ್ರ ಲೋಕಲ್ ಆರಿಸ್ರಿ. ಅಪರೂಪಕ್ಕ ಸೇವ್ ಫೈಲ್ ಸೊನ್ನೆ ಬೈಟ್ ಆಗಿರತೈತಿ, ಡಿಸ್ಕಿಗೆ ಬರೀಯೂ ಮೊದಲ ಕರೆಂಟ್ ಹೋಗಿರತೈತಿ. ಲುಡುಸಾವಿ ಅನ್ನೂ ಪ್ರೋಗ್ರಾಂ ಪ್ರೋಟಾನ್ ಒಳಗಿನ ಸೇವ್ ಸಹಿತ ಹುಡುಕಿ ಬ್ಯಾಕಪ್ ತಗೀತೈತಿ, ವಾರಕ್ಕ ಒಮ್ಮೆ ಪೆನ್‌ಡ್ರೈವ್‌ಗೆ ಹಾಕ್ರಿ.

ಹೊಸ ಆಟ ಕೊಳ್ಳೂ ಮೊದಲ ಪ್ರೋಟಾನ್‌ಡಿಬಿ (ಯಾವ ಆಟ ಲಿನಕ್ಸ್‌ನ್ಯಾಗ ಹೆಂಗ ನಡೀತೈತಿ ಅಂತ ಆಡಿದವ್ರು ಬರಿಯೂ ವೆಬ್‌ಸೈಟ್) ಒಳಗ ಹೆಸರು ಹಾಕಿ ನೋಡ್ರಿ. ಮ್ಯಾಲಿನ ಪ್ಲಾಟಿನಂ, ಗೋಲ್ಡ್ ಅಷ್ಟ ನೋಡಿ ಬಿಡಬ್ಯಾಡ್ರಿ, ಕೆಳಗ ಇಳಿದು 10 ಸರಣಿ ಎನ್‌ವಿಡಿಯಾ ಕಾರ್ಡ್ ಇರೂವ್ರು ಏನ್ ಬರದಾರ ಓದ್ರಿ. ಕೊಂಡ ಮ್ಯಾಲೂ ನಡೀಲಿಲ್ಲ ಅಂದ್ರ ಸ್ಟೀಮ್‌ನ್ಯಾಗ 14 ದಿನದ ಒಳಗ, 2 ತಾಸಿಗಿಂತ ಕಡಿಮೆ ಆಡಿದ್ರ ದುಡ್ಡು ವಾಪಸ್ ಕೇಳಬಹುದು.

ದುಡ್ಡು ಕೂಡಿದ್ರ ಮೊದಲ ಇನ್ನೊಂದು 8 ಜಿಬಿ 2400 ಮೆಗಾಹರ್ಟ್ಜ್ ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ ಮಾಡ್ರಿ. ಕಾರ್ಡ್ ಆಮ್ಯಾಲೆ. ಎಎಮ್‌ಡಿ ಆರ್‌ಎಕ್ಸ್ 6600 ಆದ್ರ ಲಿನಕ್ಸ್‌ನ್ಯಾಗ ಡ್ರೈವರ್ ಹಾಕೂ ಕೆಲಸನ ಇಲ್ಲ, ಡಿಎಕ್ಸ್12 ತೊಡಕೂ ಹೋಗತೈತಿ, 132 ವ್ಯಾಟ್. ಹಳೇ ಆರ್‌ಎಕ್ಸ್ 580 ಸಸ್ತಾ ಸಿಗತಾವ, 185 ವ್ಯಾಟ್ ಎಳೀತಾವ, ಕ್ರಿಪ್ಟೊ ನಾಣ್ಯದ ಮೈನಿಂಗ್‌ಗೆ ದುಡಿದ ಕಾರ್ಡ್ ಇರಬಹುದು, ಅರ್ಧ ತಾಸು ಆಟ ಓಡಿಸಿ ನೋಡಲಾರದ ತಗೋಬ್ಯಾಡ್ರಿ. ಯಾವದ ತಂದ್ರೂ ನಿಮ್ಮ ಎಸ್‌ಎಂಪಿಎಸ್‌ನ್ಯಾಗ 8 ಪಿನ್ ಪಿಸಿಐಇ ವೈರ್ ಐತೇನು ಮೊದಲ ಬಿಚ್ಚಿ ನೋಡ್ರಿ. 1050 ಟಿಐಗೆ ಅದು ಬೇಕಾಗಿರಲಿಲ್ಲ, ಹಿಂಗಾಗಿ ಗೊತ್ತಾಗಿರಂಗಿಲ್ಲ.